ಹಳೆ ಮಾರುತಿ 800ಗೆ ಆರು ಸಾವಿರದಲ್ಲಿ ಸ್ಟೀರಿಯೋ

ಸರ್, ನಿಮ್ಮ ಪ್ರಶ್ನೆ ಮೊನ್ನೆಯೇ ನೋಡಿದ್ದೆ. ಮನೆಯಲ್ಲಿ ಕಾಯಿ ಸುಲಿಸುವ ಕೆಲಸ ಇತ್ತು, ಕೂತು ಬರೆಯೋಕೆ ಆಗಲಿಲ್ಲ. ನಿಮ್ಮದು 2004ರ ಮಾರುತಿ 800. ಕ್ಯಾಸೆಟ್ ಸೆಟ್ ಸತ್ತು ಹೋಗಿದೆ. ಕೈಯಲ್ಲಿ ಇರೋದು ಆರು ಸಾವಿರ. ಪೇಟೆಯ ಅಂಗಡಿಯವರು 9,500ಕ್ಕೆ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಸಿಕೊಳ್ಳಿ, 60 ವಾಟ್ಸ್ ನಾಲ್ಕು ಸ್ಪೀಕರ್‌ಗೂ ಬರುತ್ತೆ, ಜೊತೆಗೆ ಒಂದು ಬೇಸ್ ಟ್ಯೂಬ್ (ದಪ್ಪ ದನಿಗೆ ಹಾಕುವ ಕೊಳವೆ ಆಕಾರದ ದೊಡ್ಡ ಸ್ಪೀಕರ್) ಅಂದಿದ್ದಾರೆ. ಇಲ್ಲೇ ಒಬ್ಬರು 800 ರೂಪಾಯಿ ಸೆಟ್ ಸಾಕು ಬಿಡಿ ಅಂತ ಬರೆದಿದ್ದಾರೆ. ಯಾವುದು ಸರಿ, ನಾನೇ ಹಾಕಿಕೊಳ್ಳಬಹುದಾ ಅಂತ ಕೇಳಿದ್ದೀರಿ.

ಎರಡೂ ಬೇಡ. ಸಿಡಿ ಇಲ್ಲದ, ಯುಎಸ್‌ಬಿ ಮತ್ತು ಬ್ಲೂಟೂತ್ ಇರುವ, ಹೆಸರು ಗೊತ್ತಿರುವ ಕಂಪನಿಯ ಒಂದು ಸಾದಾ ಸೆಟ್. ಮುಂದಿನ ಎರಡು ಡೋರಿಗೆ ಒಂದು ಜೊತೆ ಒಳ್ಳೆ ಸ್ಪೀಕರ್. ಉಳಿದ ದುಡ್ಡು ಪೂರ್ತಿ ವೈರಿಂಗ್‌ಗೆ. ಒಂದು ಭಾನುವಾರ ಬಿಡುವು ಮಾಡಿಕೊಂಡರೆ ನೀವೇ ಹಾಕಬಹುದು. ನನ್ನದೂ ಮಾರುತಿ 800, ನಿಮ್ಮದಕ್ಕಿಂತ ಮೂರು ವರ್ಷ ಹಳೆಯದು. ಎರಡು ಸಲ ತಪ್ಪು ಮಾಡಿ ಮೂರನೇ ಸಲ ಸರಿಯಾಗಿ ಹಾಕಿದ್ದೇನೆ, ಆ ಧೈರ್ಯದ ಮೇಲೆ ಹೇಳುತ್ತಿದ್ದೇನೆ.

ಮೊದಲು ಈ ವಾಟ್ಸ್ ಕಥೆ ಮುಗಿಸಿಬಿಡೋಣ. ಅಂಗಡಿಗೆ ಹೋದಾಗ ಸೆಟ್ ತಿರುಗಿಸಿ ಹಿಂದೆ ನೋಡಿ. ಒಂದು ಫ್ಯೂಸ್ ಇರುತ್ತೆ, ಸಾಮಾನ್ಯವಾಗಿ 10 ಆಂಪಿಯರ್. ಇಂಜಿನ್ ಓಡುವಾಗ ಕಾರಿನಲ್ಲಿ ಇರೋದು ಸುಮಾರು 14 ವೋಲ್ಟ್. ಗುಣಿಸಿದರೆ 140 ವಾಟ್ಸ್. ಆ ಫ್ಯೂಸ್ ಹಾರದೆ ಒಳಗೆ ಹೋಗುವುದೇ ಅಷ್ಟು. ಅದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತೆ. ಹಾಗಿರುವಾಗ ನಾಲ್ಕು ಸ್ಪೀಕರ್‌ಗೆ 60ರಂತೆ 240 ಎಲ್ಲಿಂದ ಬರಬೇಕು ಹೇಳಿ? ಕಾರಿನ ವೋಲ್ಟೇಜ್‌ನಲ್ಲೇ ಕೆಲಸ ಮಾಡುವ ಸೆಟ್ 4 ಓಮ್ ಸ್ಪೀಕರ್‌ಗೆ (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ) ಚೊಕ್ಕವಾಗಿ ಕೊಡೋದು ಲೆಕ್ಕದ ಪ್ರಕಾರ ಹೆಚ್ಚೆಂದರೆ 25 ವಾಟ್ಸ್ ಚಿಲ್ಲರೆ, ನಿಜವಾಗಿ 15ರಿಂದ 20. ಸಾದಾ ಸೆಟ್‌ಗಳೆಲ್ಲ ಈ ವಿಷಯದಲ್ಲಿ ಅಣ್ಣತಮ್ಮಂದಿರು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರೋದನ್ನ ಬಿಟ್ಟು, ಮೂಲೆಯಲ್ಲಿ ಆರ್‌ಎಂಎಸ್ (ಸತತವಾಗಿ ಕೊಡುವ ನಿಜವಾದ ಪವರ್) ಅಂತ ಸಣ್ಣದಾಗಿ ಬರೆದಿರುವುದನ್ನ ಓದಿ. ಮಾರುತಿ 800 ಕಾರಿನ ಒಳಗೆ ಇರುವ ಜಾಗಕ್ಕೆ 15 ವಾಟ್ಸ್ ಧಾರಾಳ ಆಯಿತು.

ಸೌಂಡ್ ಜಾಸ್ತಿ ಬೇಕು ಅಂದರೆ ಸ್ಪೀಕರ್‌ನ ಡಬ್ಬದ ಮೇಲೆ ಡೆಸಿಬಲ್ ನೋಡಿ. 88 ಇರುವುದಕ್ಕಿಂತ 91 ಇರುವುದನ್ನ ತಂದರೆ, ಆ ಮೂರು ಡೆಸಿಬಲ್ ಸೆಟ್‌ನ ವಾಟ್ಸ್ ಡಬಲ್ ಮಾಡಿದ್ದಕ್ಕೆ ಸಮ. ಓಮ್ 4 ಇರಲಿ. ಮನೆಯ ಹಳೆ ಟೇಪ್ ರೆಕಾರ್ಡರ್‌ನ 8 ಓಮ್ ಸ್ಪೀಕರ್ ಹಾಕಿದರೆ ಪವರ್ ಅರ್ಧಕ್ಕೆ ಇಳಿಯುತ್ತೆ. ಒಂದೇ ಲೈನಿಗೆ 4 ಓಮ್‌ನ ಎರಡು ಸ್ಪೀಕರ್ ಅಕ್ಕಪಕ್ಕ ಸೇರಿಸಿದರೆ ಲೋಡ್ 2 ಓಮ್ ಆಗಿ ಸೆಟ್ ಕಾದು ಕೆಂಡ ಆಗುತ್ತೆ.

ಆಂಡ್ರಾಯ್ಡ್ ಸ್ಕ್ರೀನ್ ಯಾಕೆ ಬೇಡ ಅಂದರೆ, ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಇರೋದು ಸಿಂಗಲ್ ಡಿನ್ ಕಿಂಡಿ. ಅಗಲ ಸುಮಾರು 180 ಮಿ.ಮೀ, ಎತ್ತರ 50. ಸ್ಕ್ರೀನ್‌ಗೆ ಎತ್ತರ 100 ಬೇಕು. ಅಂದರೆ ಡ್ಯಾಶ್‌ಬೋರ್ಡ್ ಕೊಯ್ಯಬೇಕು. ಇಪ್ಪತ್ತು ವರ್ಷ ಬಿಸಿಲು ಕುಡಿದ ಪ್ಲಾಸ್ಟಿಕ್ ಅದು, ಹಪ್ಪಳದ ಹಾಗೆ ಮುರಿಯುತ್ತೆ. ಬೇಸ್ ಟ್ಯೂಬ್ ವಿಷಯ ಈಗ ಬೇಡವೇ ಬೇಡ.

800 ರೂಪಾಯಿ ಸೆಟ್ ನಾನೂ ಹಾಕಿದ್ದೆ. ಹಾಡು ಬರುತ್ತೆ, ಸುಳ್ಳು ಹೇಳಲ್ಲ. ಆದರೆ ರೇಡಿಯೋ ದಂಡ. ಹಳೆ ಕ್ಯಾಸೆಟ್ ಸೆಟ್‌ನಲ್ಲಿ ಹಾಸನ ಆಕಾಶವಾಣಿ 102.2 ಮನೆ ಮುಂದೆಯೇ ನೀಟಾಗಿ ಕೇಳುತ್ತಿತ್ತು. ಈ ಸೆಟ್ ಹಾಕಿದ ಮೇಲೆ ಒಗ್ಗರಣೆ ಸಿಡಿದ ಹಾಗೆ ಬರೀ ಚಟಪಟ. ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಿ ಸರ್. ಹಿಂದೆ ಬಿಸಿ ಹೊರಗೆ ಬಿಡುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಇದ್ದರೆ ಕೈಗೆ ಭಾರ ಗೊತ್ತಾಗುತ್ತೆ. ಖಾಲಿ ಟಿಫಿನ್ ಡಬ್ಬದ ಹಾಗಿದ್ದರೆ ವಾಪಸ್ ಇಡಿ.

ನನ್ನ ಖರ್ಚು ಹೀಗೆ ಆಯಿತು: ಸೆಟ್ 2,800, ಸ್ಪೀಕರ್ ಜೊತೆ 1,500, ವೈರ್, ಕಪ್ಲರ್, ಫ್ಯೂಸ್, ಸ್ಲೀವ್ ಎಲ್ಲ ಸೇರಿ 500, ತಗಡು ನಡುಗದ ಹಾಗೆ ಡೋರಿಗೆ ಅಂಟಿಸುವ ಶೀಟ್ 400. ಒಂದು ಡಿಜಿಟಲ್ ಮಲ್ಟಿಮೀಟರ್ 300. ಬೆಂಗಳೂರಿಗೆ ಹೋಗುವವರು ಇದ್ದರೆ ಜೆ.ಸಿ. ರಸ್ತೆಯಲ್ಲಿ ತರಿಸಿ, ನಿಮ್ಮ ಕಾರಿನ ಸಾಕೆಟ್‌ಗೆ ಕೂರುವ ಕಪ್ಲರ್ ಅಲ್ಲಿ ಸಿಗುತ್ತೆ. ಅದೊಂದು ಇದ್ದರೆ ಕಾರಿನ ಮೂಲ ವೈರ್ ಕತ್ತರಿಸುವ ಪ್ರಮೇಯವೇ ಇಲ್ಲ.

ಇನ್ನು ಕೆಲಸ. ಮೊಟ್ಟಮೊದಲು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಇಡಿ. ಹಳೆ ಸೆಟ್ ಹೊರಗೆ ಎಳೆದ ಮೇಲೆ ವೈರ್ ಕೀಳುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ.

ಹೊಸ ಸೆಟ್‌ನ ವೈರ್ ಬಣ್ಣಗಳು ಬಹುತೇಕ ಎಲ್ಲ ಕಂಪನಿಯಲ್ಲೂ ಒಂದೇ. ಹಳದಿ ಅಂದರೆ ಬ್ಯಾಟರಿಯಿಂದ ಯಾವಾಗಲೂ ಬರುವ ಕರೆಂಟ್, ಸ್ಟೇಷನ್ ಮತ್ತು ಗಡಿಯಾರದ ನೆನಪು ಉಳಿಯೋದು ಇದರಿಂದ. ಕೆಂಪು ಅಂದರೆ ಕೀ ತಿರುಗಿಸಿದಾಗ ಮಾತ್ರ ಬರಬೇಕಾದ್ದು. ಕಪ್ಪು ಬಾಡಿ ಅರ್ತಿಂಗ್. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಆ ಸ್ಪೀಕರ್‌ನ ಮೈನಸ್. ನೀಲಿ ಬಣ್ಣದ್ದು ಆ್ಯಂಟೆನಾ ಮೋಟಾರಿಗೋ ಆಂಪ್ಲಿಫೈಯರ್‌ಗೋ ಇರುವ ಸಿಗ್ನಲ್. ನಿಮಗೆ ಬೇಡ, ತುದಿಗೆ ಟೇಪ್ ಸುತ್ತಿ ಬಿಡಿ, ಬಾಡಿಗೆ ತಾಗಬಾರದು. ಸೆಟ್ ಮೇಲಿನ ಚೀಟಿಯನ್ನೂ ಒಮ್ಮೆ ಓದಿ.

ಇದು ಸೆಟ್ ಕಡೆಯ ಬಣ್ಣ. ಕಾರಿನ ಕಡೆಯ ಬಣ್ಣ ಬೇರೆ. ಅಲ್ಲಿ ಬಣ್ಣ ನಂಬಬೇಡಿ, ಮೀಟರ್ ನಂಬಿ. ಬ್ಯಾಟರಿ ಮತ್ತೆ ಕೊಟ್ಟು, ಮೀಟರ್‌ನ ಕಪ್ಪು ಕಡ್ಡಿ ಬಾಡಿಗೆ ಹಿಡಿದು ಒಂದೊಂದೇ ವೈರ್ ಮುಟ್ಟಿ. ಕೀ ತೆಗೆದಾಗಲೂ 12 ವೋಲ್ಟ್ ತೋರಿಸುವುದು ಹಳದಿಗೆ. ಕೀ ಎಸಿಸಿಗೆ (ಇಂಜಿನ್ ಶುರುವಾಗುವ ಮುಂಚಿನ ಮೊದಲ ಹಂತ) ತಿರುಗಿಸಿದಾಗ ಮಾತ್ರ ತೋರಿಸುವುದು ಕೆಂಪಿಗೆ. ಗುರುತು ಹಾಕಿ, ಮತ್ತೆ ಬ್ಯಾಟರಿ ಬಿಚ್ಚಿ.

ನಾನು ಕಲಿತ ಮೊದಲ ಪಾಠ ಇದೇ ಹಳದಿ ಕೆಂಪಿನದು. ಮೊದಲ ಸಲ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿದ್ದೆ. ಅವನು ಹುಡುಕುವ ತಲೆನೋವೇ ಬೇಡ ಅಂತ ಎರಡನ್ನೂ ಸೇರಿಸಿ ತಿರುಚಿ ಬ್ಯಾಟರಿ ಲೈನಿಗೆ ಕೊಟ್ಟುಬಿಟ್ಟಿದ್ದ. ಬಟನ್ ಒತ್ತಿದರೆ ಸೆಟ್ ಆಫ್ ಆಗುತ್ತಿತ್ತು, ಹಾಗಾಗಿ ನನಗೆ ಗೊತ್ತಾಗಲಿಲ್ಲ. ಅಕ್ಕನ ಮಗಳ ಮದುವೆಗೆ ಹೋಗಿ ಐದು ದಿನ ಬಿಟ್ಟು ಬಂದರೆ ಸೆಲ್ಫ್ ಟಕ್ ಟಕ್ ಅಂತು ಅಷ್ಟೇ. ಬ್ಯಾಟರಿ ಹೋಯಿತು ಅಂತ ಹೊಸದು ಹಾಕಿಸಿದೆ. ತಿಂಗಳಾದ ಮೇಲೆ ಮತ್ತೆ ಅದೇ ಪಾಡು. ಆಮೇಲೆ ಅಳೆದು ನೋಡಿದರೆ ಕೀ ತೆಗೆದ ಕಾರು 180 ಮಿಲಿ ಆಂಪಿಯರ್ ಕುಡಿಯುತ್ತಿತ್ತು. ದಿನಕ್ಕೆ 4 ಆಂಪಿಯರ್ ಅವರ್‌ಗೂ ಜಾಸ್ತಿ ಆಯಿತು. ನನ್ನ ಬ್ಯಾಟರಿ 35 ಆಂಪಿಯರ್ ಅವರ್, ಐದು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ. ಸುಮ್ನೆ ಒಂದು ಬ್ಯಾಟರಿ ದಂಡ ಕಟ್ಟಿದೆ. ನಿಮ್ಮ ಬ್ಯಾಟರಿ ಪದೇ ಪದೇ ಇಳಿಯುತ್ತೆ ಅಂತ ಪ್ರಶ್ನೆಯ ಕೊನೆಯಲ್ಲಿ ಬರೆದಿದ್ದೀರಿ ಅಲ್ವಾ, ಹಳೆ ಸೆಟ್‌ನ ವೈರಿಂಗ್ ಕೂಡ ಹೀಗೇ ಇದೆಯಾ ಮೊದಲು ನೋಡಿ.

ಎರಡನೇ ಸಲದ ತಪ್ಪು ನನ್ನದೇ. ಹಳೆ ಕಾಲದ ಕೆಲವು ಸೆಟ್‌ಗಳಲ್ಲಿ ಸ್ಪೀಕರ್‌ನ ಮೈನಸ್ ಬಾಡಿಗೇ ಕೊಡುತ್ತಿದ್ದರು, ಒಂದು ವೈರ್ ಉಳಿಯುತ್ತೆ ಅಂತ. ನನ್ನ ಕಾರಿನಲ್ಲೂ ಹಿಂದಿನ ಓನರ್ ಹಾಗೇ ಮಾಡಿಸಿದ್ದರು. ಈಗಿನ ಸೆಟ್‌ನಲ್ಲಿ ಸ್ಪೀಕರ್‌ನ ಎರಡೂ ವೈರ್‌ನಲ್ಲಿ ವೋಲ್ಟೇಜ್ ಇರುತ್ತೆ, ಎರಡರಲ್ಲಿ ಯಾವುದೂ ಬಾಡಿಗೆ ತಾಗಬಾರದು. ನಾನು ಹಳೆ ವೈರನ್ನೇ ನಂಬಿ ಸೇರಿಸಿದೆ. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಸ್ಪೀಕರ್‌ಗೆ ಪವರ್ ಕೊಡುವ ಚಿಪ್, ಅಂದರೆ ಔಟ್‌ಪುಟ್ ಐಸಿ, ಹೋಯಿತು. ಅದಕ್ಕೇ ಹೇಳೋದು, ಸ್ಪೀಕರ್‌ಗೆ ಹೊಸ ಜೋಡಿ ವೈರ್ ಎಳೆಯಿರಿ. ಹಳೆಯದನ್ನೇ ಬಳಸಲೇಬೇಕು ಅಂದರೆ ಮೀಟರ್ ಬೀಪ್ ಮೋಡ್‌ಗೆ ಹಾಕಿ, ಒಂದು ಕಡ್ಡಿ ಬಾಡಿಗೆ, ಇನ್ನೊಂದು ಆ ವೈರಿಗೆ. ಬೀಪ್ ಬಂದರೆ ಅದನ್ನ ಬಳಸಲೇಬೇಡಿ.

ಡೋರಿಗೆ ವೈರ್ ಎಳೆಯೋದೇ ಇಡೀ ಕೆಲಸದಲ್ಲಿ ಬೇಜಾರಿನದು. ಡೋರಿಗೂ ಬಾಡಿಗೂ ನಡುವೆ ರಬ್ಬರ್ ಕೊಳವೆ ಇದ್ದರೆ ಅದರೊಳಗಿಂದಲೇ ಹೋಗಬೇಕು. ಇಲ್ಲದಿದ್ದರೆ ತೂತು ಕೊರೆದು ರಬ್ಬರ್ ಬುಷ್ ಹಾಕಿ. ಬರಿ ತಗಡಿನ ಅಂಚಿಗೆ ವೈರ್ ಉಜ್ಜಿದರೆ ಆರು ತಿಂಗಳಲ್ಲಿ ಸಿಪ್ಪೆ ಹೋಗುತ್ತೆ. ನಾನು ಸೈಕಲ್ಲಿನ ಹಳೆ ಬ್ರೇಕ್ ತಂತಿ ತೂರಿಸಿ, ಅದರ ತುದಿಗೆ ವೈರ್ ಕಟ್ಟಿ, ಮೇಲೆ ಸ್ವಲ್ಪ ಪಾತ್ರೆ ಸೋಪು ಸವರಿ ಎಳೆದೆ. ಸರ್ರನೆ ಬಂತು. ಡೋರ್ ಪೂರ್ತಿ ತೆಗೆದಾಗಲೂ ವೈರ್ ಬಿಗಿ ಆಗದಷ್ಟು ಸಡಿಲ ಬಿಡಿ.

ಸ್ಪೀಕರ್ ತರುವ ಮುಂಚೆ ಡೋರಿನ ಒಳಗೆ ಆಳ ಅಳೆಯಿರಿ, ಗ್ಲಾಸ್ ಪೂರ್ತಿ ಕೆಳಗೆ ಇಳಿಸಿಕೊಂಡೇ ಅಳೆಯಬೇಕು. ಮ್ಯಾಗ್ನೆಟ್ ಗ್ಲಾಸಿಗೆ ತಾಗಿದರೆ ಮುಗಿಯಿತು. ಕೂರಿಸುವ ಜಾಗದ ತಗಡಿಗೆ ಶೀಟ್ ಒತ್ತಿ ಅಂಟಿಸಿ, ಸ್ಪೀಕರ್ ಸುತ್ತ ಗಾಳಿ ಆಡುವ ಸಂದು ಇದ್ದರೆ ಫೋಮ್ ಪಟ್ಟಿಯಿಂದ ಮುಚ್ಚಿ. ಸ್ಪೀಕರ್ ಅದೇ, ಸೆಟ್ ಅದೇ, ನನ್ನ ಕಾರಿನಲ್ಲಿ ಈ 400 ರೂಪಾಯಿ ಶೀಟ್ ಹಾಕಿದ ಮೇಲೆ ತಬಲಾ ತಬಲಾ ಥರ ಕೇಳಿತು, ಅಲ್ಲಿವರೆಗೂ ಡಬ್ಬ ಬಡಿದ ಹಾಗಿತ್ತು. ಮಳೆ ನೀರು ಗ್ಲಾಸ್ ಪಕ್ಕದಿಂದ ಡೋರಿನೊಳಗೆ ಇಳಿಯುತ್ತೆ, ಅದು ಮಾಮೂಲು. ಆದ್ದರಿಂದ ಸ್ಪೀಕರ್ ಮೇಲೆ ಕೊಡೆ ಹಿಡಿದ ಹಾಗೆ ದಪ್ಪ ಪ್ಲಾಸ್ಟಿಕ್ ತುಂಡು ಅಂಟಿಸಿ. ಡೋರಿನ ಕೆಳ ಅಂಚಿನಲ್ಲಿ ನೀರು ಹೋಗುವ ತೂತುಗಳನ್ನ ಮಾತ್ರ ಶೀಟ್‌ನಿಂದ ಮುಚ್ಚಬೇಡಿ, ತುಕ್ಕು ಹಿಡಿಯುತ್ತೆ.

ಸ್ಪೀಕರ್‌ನ ಪ್ಲಸ್ ಮೈನಸ್ ಗುರುತು ಅಳಿಸಿದ್ದರೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್‌ನ ಪ್ಲಸ್ ತಾಗಿದ ಕಾಲೇ ಪ್ಲಸ್. ಒಳಗೆ ಹೋದರೆ ಉಲ್ಟಾ. ಒಂದು ಸ್ಪೀಕರ್ ಸರಿ, ಇನ್ನೊಂದು ಉಲ್ಟಾ ಆದರೆ ಏನೂ ಸುಡಲ್ಲ, ಆದರೆ ಬೇಸ್ ಮಾಯ ಆಗುತ್ತೆ.

ಹಿಂದಿನ ಟ್ರೇಗೆ ಅಂಡಾಕಾರದ 6x9 ಇಂಚಿನ ಸ್ಪೀಕರ್ ಹಾಕುವ ಆಸೆ ಇದ್ದರೆ ಮುಂದೆ ಯಾವಾಗಾದರೂ ಹಾಕಿ. ಕಂಪನಿ ಟ್ರೇ ತೆಳು, ಗಡಗಡ ಅನ್ನುತ್ತೆ. 12 ಮಿ.ಮೀ ಪ್ಲೈವುಡ್‌ನಲ್ಲಿ ಹೊಸದು ಕೊಯ್ಯಿಸಿ, ವೈರಿಗೆ ಮಧ್ಯೆ ಒಂದು ಸಾಕೆಟ್ ಕೊಡಿ. ಚೀಲ ಹಾಕಬೇಕಾದಾಗ ಟ್ರೇ ಎತ್ತಿ ತೆಗೆಯಬಹುದು.

ಜಾಯಿಂಟ್‌ಗಳಿಗೆ ಬರೀ ತಿರುಚಿ ಕಪ್ಪು ಟೇಪ್ ಸುತ್ತಬೇಡಿ. ಎರಡು ಬೇಸಿಗೆ ಕಳೆದರೆ ಆ ಟೇಪ್ ಹಲಸಿನ ಅಂಟು ಆಗುತ್ತೆ. ಸೋಲ್ಡರ್ ಮಾಡಿ ಹೀಟ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಸ್ಲೀವ್ ಅನ್ನ ಜೋಡಿಸುವ ಮುಂಚೆಯೇ ವೈರಿಗೆ ತೂರಿಸಿಕೊಳ್ಳಿ. ನಾನು ಪ್ರತಿ ಸಲ ಮರೆಯುತ್ತೇನೆ. ಹಳದಿ ಲೈನ್ ಹೊಸದಾಗಿ ಬ್ಯಾಟರಿಯಿಂದಲೇ ತರುವುದಾದರೆ 1.5 ಸ್ಕ್ವೇರ್ ಎಂಎಂ ವೈರ್ ಸಾಕು, ಆದರೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್ ಇರಲೇಬೇಕು. ಸೆಟ್‌ನ ಹಿಂದಿನ ಫ್ಯೂಸ್ ಸೆಟ್ ಕಾಯುತ್ತೆ, ದಾರಿಯಲ್ಲಿ ವೈರ್ ಬಾಡಿಗೆ ತಾಗಿ ಬೆಂಕಿ ಹತ್ತುವುದನ್ನ ಅದು ತಡೆಯಲ್ಲ.

ಕಪ್ಪು ವೈರ್ ಡ್ಯಾಶ್‌ಬೋರ್ಡ್ ಹಿಂದಿನ ಗಟ್ಟಿ ತಗಡಿಗೆ ಬರಬೇಕು. ಪೇಂಟ್ ಕೆರೆದು, ಉಪ್ಪುಕಾಗದ ಉಜ್ಜಿ, ಹೊಳೆಯುವ ತಗಡಿಗೆ ಲಗ್ (ವೈರ್ ತುದಿಗೆ ಕೂರಿಸುವ, ತೂತಿರುವ ಲೋಹದ ತುಂಡು) ಹಾಕಿ ಬೋಲ್ಟ್ ಬಿಗಿಯಿರಿ. ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಸ್ಪೀಕರ್‌ನಲ್ಲಿ ಕುಂಯ್ ಅಂತ ಏರುವ ಸದ್ದು ಬಂದರೆ ಅದು ಆಲ್ಟರ್ನೇಟರ್ ಸದ್ದು, ಹೆಚ್ಚಿನ ಸಲ ಅರ್ತಿಂಗ್ ಸಡಿಲ ಇರುತ್ತೆ. ಫಿಲ್ಟರ್ ಕೊಳ್ಳುವ ಮುಂಚೆ ಈ ಬೋಲ್ಟ್ ನೋಡಿ. ರೇಡಿಯೋ ಮಾತ್ರ ಗೊರಗೊರ ಅಂದರೆ ಲೈಟರ್ ಸಾಕೆಟ್‌ನ ಮೊಬೈಲ್ ಚಾರ್ಜರ್ ಕಿತ್ತು ನೋಡಿ, ಆಮೇಲೆ ಆ್ಯಂಟೆನಾ ಬುಡದ ತುಕ್ಕು ಉಜ್ಜಿ.

ಎಲ್ಲ ಸೇರಿಸಿದ ಮೇಲೆ ಸೆಟ್ ಕಿಂಡಿಯೊಳಗೆ ತಳ್ಳುವ ಮುಂಚೆ ಹೊರಗೇ ಇಟ್ಟು ಹತ್ತು ನಿಮಿಷ ಹಾಡು ಹಾಕಿ. ಬ್ಯಾಲೆನ್ಸ್ ಎಡಕ್ಕೆ, ಬಲಕ್ಕೆ ತಿರುಗಿಸಿ ಸರಿಯಾದ ಕಡೆಯೇ ಬರುತ್ತಾ ನೋಡಿ. ಪೆನ್‌ಡ್ರೈವ್ ಓದದೇ ಇದ್ದರೆ ಗಾಬರಿ ಬೇಡ, ಕಂಪ್ಯೂಟರ್‌ನಲ್ಲಿ ಫ್ಯಾಟ್32 (FAT32) ಅನ್ನುವ ಮಾದರಿಗೆ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿ. ಕೊನೆಗೆ ಕೀ ತೆಗೆದು, ಡೋರ್ ಮುಚ್ಚಿ, ಬ್ಯಾಟರಿ ಮೈನಸ್ ಬಿಚ್ಚಿ, ಟರ್ಮಿನಲ್‌ಗೂ ಆ ಕೇಬಲ್‌ಗೂ ನಡುವೆ ಮೀಟರ್ ಅನ್ನ 10 ಆಂಪಿಯರ್ ಸಾಕೆಟ್‌ನಲ್ಲಿ ಇಟ್ಟು ಅಳೆಯಿರಿ. 0.05 ಆಂಪಿಯರ್ ಒಳಗೆ ಇದ್ದರೆ ನೆಮ್ಮದಿಯಾಗಿ ಮಲಗಿ. ಆ ಹೊತ್ತಲ್ಲಿ ಯಾರೂ ಸೆಲ್ಫ್ ಹೊಡೆಯದ ಹಾಗೆ ಕೀ ನಿಮ್ಮ ಜೇಬಲ್ಲೇ ಇರಲಿ, ಇಲ್ಲದಿದ್ದರೆ ಮೀಟರ್ ಫ್ಯೂಸ್ ಹೋಗುತ್ತೆ. ನನ್ನ ಮಗ ಒಂದು ಸಲ ಆ ಸೇವೆ ಮಾಡಿದ್ದಾನೆ.

ಹಳೆ ಸೆಟ್ ಎಳೆದ ಮೇಲೆ ಹಿಂದಿನ ಸಾಕೆಟ್‌ನ ಫೋಟೋ ಹಗಲು ಬೆಳಕಲ್ಲಿ ತೆಗೆದು ಇಲ್ಲೇ ಹಾಕಿ. ಯಾವ ಪಿನ್‌ನಲ್ಲಿ ಎಷ್ಟು ವೋಲ್ಟ್ ಬಂತು ಅಂತಲೂ ಬರೆಯಿರಿ. ಸಂಜೆ ಏಳರ ಮೇಲೆ ನೋಡುತ್ತೇನೆ.