ನಿಮ್ಮ ಹೈಗೆನ್ಸ್ ಲೇಖನದ ಬಗ್ಗೆ

ನಮಸ್ಕಾರ,

ಹದಿನೇಳನೇ ಶತಮಾನದ ಡಚ್ ವಿಜ್ಞಾನಿಯ ಬಗ್ಗೆ ‘ಕ್ರಿಸ್ಟಿಯಾನ್ ಹೈಗೆನ್ಸ್: ಪ್ರಕಟವಾದ ಕೃತಿಗಳು’ ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಪಿಯುಸಿಯಲ್ಲಿ, ಬೆಳಕಿನ ಅಲೆ ಹೇಗೆ ಹರಡುತ್ತದೆ ಅಂತ ಹೇಳುವ ಹೈಗೆನ್ಸ್ ತತ್ವದ ಚಿತ್ರ ಬರೆದು, ಅಂಕ ತೆಗೆದುಕೊಂಡು ಮುಂದೆ ಹೋದವರೇ ನಮ್ಮಲ್ಲಿ ಜಾಸ್ತಿ. ಆ ಮನುಷ್ಯ ಏನೇನು ಬರೆದ ಅಂತ ಕನ್ನಡದಲ್ಲಿ ಹೇಳಲು ಒಬ್ಬರು ಹೊರಟಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು. ಅದಕ್ಕೇ ಇಷ್ಟು ಉದ್ದದ ಉತ್ತರ.

ಮುಖ್ಯ ತೊಂದರೆ ಇದು. ನೀವು ಪುಸ್ತಕಗಳನ್ನು ಅಚ್ಚಾದ ಇಸವಿಯಂತೆ ಸಾಲಾಗಿ ನಿಲ್ಲಿಸಿದ್ದೀರಿ. ಒಂದೊಂದಕ್ಕೂ ಮೂರು ಸಾಲು. ಬೇರೆ ಲೇಖಕರಿಗೆ ಈ ಕ್ರಮ ನಡೆಯಬಹುದು, ಹೈಗೆನ್ಸ್‌ಗೆ ನಡೆಯುವುದಿಲ್ಲ. ಆತ ಕಂಡುಕೊಂಡಿದ್ದು ಯಾವಾಗಲೋ, ಅಚ್ಚಿಗೆ ಕೊಟ್ಟಿದ್ದು ಯಾವಾಗಲೋ. ಕೆಲವನ್ನು ಕೊಡಲೇ ಇಲ್ಲ. 1695ರಲ್ಲಿ ಆತ ತೀರಿಕೊಂಡ ಮೇಲೆ ಬೇರೆಯವರು ಅಚ್ಚು ಹಾಕಿಸಿದರು. ಈ ಅಂತರವನ್ನೇ ಹಿಡಿದು ಬರೆಯಿರಿ.

ನಿಮ್ಮ ಕೊನೆಯ ಪ್ಯಾರಾ ನೋಡಿ. ‘1703ರಲ್ಲಿ ಡಿಕ್ಕಿಯ ನಿಯಮಗಳ ಪುಸ್ತಕ ಬಂತು’ ಅಂತ ಬರೆದು ಮುಗಿಸಿದ್ದೀರಿ. ಆ ನಿಯಮಗಳು 1650ರ ದಶಕದಲ್ಲೇ ಆತನ ಕೈಯಲ್ಲಿದ್ದವು! ಆಗ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಹೇಳಿದ್ದೇ ಕೊನೆಯ ಮಾತು ಅನ್ನುವ ಕಾಲ. ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕದು ಎಷ್ಟೇ ಜೋರಾಗಿ ಬಂದು ಗುದ್ದಿದರೂ ಕದಲಿಸಲಾರದು ಅಂತ ಡೆಕಾರ್ಟ್ ಬರೆದಿದ್ದ. ಇನ್ನೂ ಮೂವತ್ತು ದಾಟದ ಹೈಗೆನ್ಸ್ ಇದು ತಪ್ಪು ಅಂದ. ಹೇಗೆ ತೋರಿಸಿದ ಅನ್ನುವುದನ್ನು ನೀವು ಬಿಟ್ಟೇ ಬಿಟ್ಟಿದ್ದೀರಿ. ಕಾಲುವೆಯಲ್ಲಿ ದೋಣಿ ಕುಲುಕದೆ ಸಾಗುತ್ತಿದೆ. ದೋಣಿಯಲ್ಲಿ ಒಬ್ಬ, ದಡದಲ್ಲಿ ಒಬ್ಬ. ದೋಣಿಯವನು ದಾರಕ್ಕೆ ಕಟ್ಟಿದ ಎರಡು ಸಮ ಗುಂಡುಗಳನ್ನು ಒಂದೇ ವೇಗದಲ್ಲಿ ಎದುರುಬದುರು ಗುದ್ದಿಸುತ್ತಾನೆ. ಎರಡೂ ಅದೇ ವೇಗದಲ್ಲಿ ಹಿಂದಕ್ಕೆ ಹೋಗುತ್ತವೆ. ಈಗ ದೋಣಿಯೂ ಗುಂಡಿನಷ್ಟೇ ವೇಗದಲ್ಲಿದ್ದರೆ? ದಡದವನಿಗೆ ಒಂದು ಗುಂಡು ನಿಂತಿರುವಂತೆ, ಇನ್ನೊಂದು ಎರಡರಷ್ಟು ವೇಗದಲ್ಲಿ ಬಂದು ಗುದ್ದಿ ತಾನೇ ನಿಂತಂತೆ, ನಿಂತಿದ್ದದ್ದು ಆ ವೇಗದಲ್ಲಿ ಹೊರಟಂತೆ ಕಾಣುತ್ತದೆ. ಒಂದೇ ಡಿಕ್ಕಿ, ಎರಡು ನೋಟ. ಈ ದೋಣಿಯ ಚಿತ್ರ 1703ರ ಪುಸ್ತಕದಲ್ಲಿದೆ. ಕ್ಯಾರಂ ಆಡಿದ ಯಾವ ಓದುಗನಿಗೂ ಇದು ತಕ್ಷಣ ಅರ್ಥವಾಗುತ್ತದೆ. ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಲಿ.

ನಡುವೆ ಇನ್ನೊಂದು ಘಟನೆಯಿದೆ. 1669ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ ಇದೇ ವಿಷಯದ ಮೇಲೆ ಇಂಗ್ಲೆಂಡಿನ ವಿದ್ವಾಂಸರಾದ ವಾಲಿಸ್ ಮತ್ತು ರೆನ್ ಬರಹಗಳನ್ನು ಹಾಕಿತು, ಹೈಗೆನ್ಸ್‌ನದನ್ನು ಬಿಟ್ಟಿತು. ಆತ ಪ್ಯಾರಿಸ್ಸಿನ ಪತ್ರಿಕೆಯಲ್ಲಿ ತನ್ನ ನಿಯಮಗಳನ್ನು ಪ್ರಕಟಿಸಿದ. ನಿಯಮ ಮಾತ್ರ, ಅದು ಯಾಕೆ ಸರಿ ಅನ್ನುವ ಸಾಧನೆ ಇಲ್ಲ. 1673ರ ಗಡಿಯಾರದ ಪುಸ್ತಕದ ಕೊನೆಯಲ್ಲೂ ಹೀಗೇ ಮಾಡಿದ. ಸುತ್ತುವ ವಸ್ತು ಹೊರಕ್ಕೆ ಎಳೆಯುವಂತೆ ಕಾಣುವ ಕೇಂದ್ರಾಪಗಾಮಿ ಬಲದ ಮೇಲೆ 13 ಪ್ರಮೇಯ ಕೊಟ್ಟ, ಒಂದಕ್ಕೂ ಸಾಧನೆ ಕೊಡಲಿಲ್ಲ. ಆ ಸಾಧನೆಗಳು ಹೊರಬಂದದ್ದೂ 1703ರಲ್ಲೇ.

ಬೆಳಕಿನ ಪುಸ್ತಕಕ್ಕೆ ನೀವು ಕೊಟ್ಟ ಜಾಗ ತೀರಾ ಕಡಿಮೆ. ಅದು ಅಚ್ಚಾದದ್ದು 1690, ಲೈಡನ್‌ನಲ್ಲಿ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಓದಿದ್ದು 1679ರಲ್ಲಿ. ಇಷ್ಟು ತಡ ಯಾಕೆ? ಮುನ್ನುಡಿಯಲ್ಲಿ ಆತನೇ ಹೇಳುತ್ತಾನೆ. ಫ್ರೆಂಚಿನಲ್ಲಿ ಅಷ್ಟೇನೂ ಗಮನ ಕೊಡದೆ ಬರೆದಿದ್ದೆ, ಲ್ಯಾಟಿನ್‌ಗೆ ತರಬೇಕು ಅಂದುಕೊಂಡಿದ್ದೆ, ಹೊಸದರ ಹುಮ್ಮಸ್ಸು ಇಳಿದ ಮೇಲೆ ಮುಂದೂಡುತ್ತಾ ಬಂದೆ, ಕಳೆದುಹೋಗುವ ಬದಲು ಇದ್ದ ಹಾಗೇ ಬರಲಿ ಅಂತ ಕೊಡುತ್ತಿದ್ದೇನೆ ಅಂತ. ಮುಖಪುಟದಲ್ಲಿ ಪೂರ್ತಿ ಹೆಸರೂ ಇಲ್ಲ, ಬರೀ ಮೊದಲಕ್ಷರಗಳು. ಐಸ್‌ಲ್ಯಾಂಡಿನ ಹರಳಿನೊಳಗೆ ಕಿರಣ ಎರಡಾಗುವುದನ್ನು ಆತ ಅದ್ಭುತವಾಗಿ ಲೆಕ್ಕ ಹಾಕಿ ತೋರಿಸಿದ. ಆದರೆ ಆ ಕಿರಣಗಳು ಎರಡನೇ ಹರಳಿಗೆ ಹೋದಾಗ, ಅದನ್ನು ಕೆಲವು ಕೋನದಲ್ಲಿ ಇಟ್ಟರೆ ಮತ್ತೆ ಒಡೆಯುವುದಿಲ್ಲ. ಇದಕ್ಕೆ ತೃಪ್ತಿಯಾಗುವ ಕಾರಣ ನನಗೆ ಸಿಕ್ಕಿಲ್ಲ ಅಂತ ಪುಸ್ತಕದಲ್ಲೇ ಬರೆದ. ನನಗೆ ಹೈಗೆನ್ಸ್ ತುಂಬಾ ಇಷ್ಟವಾಗುವುದು ಆ ಪುಟದಲ್ಲಿ. ಸಿಲ್ವೇನಸ್ ಥಾಂಪ್ಸನ್ 1912ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ದಯವಿಟ್ಟು ಓದಿ. ಪುಸ್ತಕ ತೆರೆಯದೆ ಪುಸ್ತಕದ ಬಗ್ಗೆ ಬರೆದಿದ್ದೀರಿ ಅಂತ ಓದುಗರಿಗೆ ಗೊತ್ತಾಗಿಬಿಡುತ್ತದೆ, ಅಲ್ವಾ?

ಸಣ್ಣ ತಪ್ಪುಗಳು. 1658ರ ಗಡಿಯಾರದ ಪುಸ್ತಕ, 1673ರ ಗಡಿಯಾರದ ಪುಸ್ತಕ ಒಂದೇ ಅಲ್ಲ. ಮೊದಲನೆಯದು ಲೋಲಕದ ಗಡಿಯಾರದ ಚಿಕ್ಕ ವಿವರಣೆ, ಎರಡನೆಯದು ಐದು ಭಾಗಗಳ ಗಣಿತದ ದೊಡ್ಡ ಗ್ರಂಥ. ನ್ಯೂಟನ್ ಮತ್ತು ಹೈಗೆನ್ಸ್ ‘ಬದ್ಧ ವೈರಿಗಳು’ ಅನ್ನುವ ಸಾಲು ತೆಗೆಯಿರಿ. ಇಬ್ಬರೂ 1689ರಲ್ಲಿ ಲಂಡನ್ನಿನಲ್ಲಿ ಭೇಟಿಯಾಗಿದ್ದರು, ತನ್ನ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ನ್ಯೂಟನ್ ಹೈಗೆನ್ಸ್‌ನ ಕೆಲಸವನ್ನು ಹೆಸರು ಹಿಡಿದು ನೆನೆದಿದ್ದಾನೆ. ‘ಮಹಾನ್ ಮೇಧಾವಿ’ ಅನ್ನುವುದೂ ಬೇಡ. ದೋಣಿಯ ಉದಾಹರಣೆ ಕೊಟ್ಟರೆ ಓದುಗರೇ ಹೇಳಿಕೊಳ್ಳುತ್ತಾರೆ.

ಶನಿಯ ಪ್ಯಾರಾ ಚೆನ್ನಾಗಿದೆ, ಮುಟ್ಟಬೇಡಿ. ಶನಿಯ ಸುತ್ತ ಬಳೆ ಇದೆ ಅನ್ನುವ ಸಂಗತಿಯನ್ನು ಹೈಗೆನ್ಸ್ 1656ರಲ್ಲಿ ಅಕ್ಷರ ಕಲಸಿ ಬಚ್ಚಿಟ್ಟು, 1659ರಲ್ಲಿ ಬಿಡಿಸಿ ಹೇಳಿದ್ದನ್ನು ಸಲೀಸಾಗಿ ಬರೆದಿದ್ದೀರಿ.

ಒಂದು ಸೇರಿಸಿ. 1657ರ ಜೂಜಿನ ಲೆಕ್ಕದ ಪುಸ್ತಿಕೆಯ ಕೊನೆಯಲ್ಲಿ ಓದುಗರಿಗೆಂದೇ ಐದು ಲೆಕ್ಕಗಳಿವೆ. ಮೊದಲನೆಯದು: ಎರಡು ದಾಳ. ಮೊತ್ತ 6 ಬಿದ್ದರೆ ಮೊದಲನೆಯವನಿಗೆ ಗೆಲುವು, 7 ಬಿದ್ದರೆ ಎರಡನೆಯವನಿಗೆ. ಮೊದಲನೆಯವನು ಒಂದು ಸಲ ಎಸೆಯುತ್ತಾನೆ, ಆಮೇಲೆ ಎರಡನೆಯವನು ಎರಡು ಸಲ, ಮತ್ತೆ ಮೊದಲನೆಯವನು ಎರಡು ಸಲ, ಹೀಗೆ. ಇಬ್ಬರ ಅವಕಾಶ 10355ಕ್ಕೆ 12276. ಈ ಅಂಕಿ ಹೇಗೆ ಬಂತು ಅಂತ ನೀವೇ ಬಿಡಿಸಿ, ಅರ್ಧ ಪುಟದಲ್ಲಿ ತೋರಿಸಿ. ಒಟ್ಟು 1500 ಪದ ದಾಟದಿರಲಿ. ಕಳಿಸಿದ ಕೂಡಲೇ ಓದುತ್ತೇನೆ.