ಹಿಟ್ಟಿಗೆ ಒಂದು ರಾತ್ರಿ ಬಿಡುವು ಕೊಡಿ: ಓದುಗರ ಅಡುಗೆ ಪ್ರಶ್ನೆಗಳು

ಪ್ರಶ್ನೆ: ಕಳೆದ ಡಿಸೆಂಬರ್‌ನಲ್ಲಿ ಮಗನ ಮನೆಗೆಂದು ಸ್ವೀಡನ್ನಿಗೆ ಹೋಗಿದ್ದಾಗ ಅಲ್ಲಿನ ಕ್ರಿಸ್‌ಮಸ್ ಬಿಸ್ಕತ್ತು ಪೆಪ್ಪರ್‌ಕಾಕೋರ್ ತಿಂದು ಮನಸೋತೆ. ಊರಿಗೆ ಬಂದ ಮೇಲೆ ಎರಡು ಸಲ ಮಾಡಿದೆ. ಮೊದಲ ಸಲ ಓವನ್ನಿನಲ್ಲಿ ಆಕಾರ ಕೆಟ್ಟು ಹರಡಿಹೋಯಿತು. ಎರಡನೆಯ ಸಲ ಹಿಟ್ಟು ಅಂಟುತ್ತದೆಂದು ಮೈದಾ ಸೇರಿಸಿದೆ, ಹಲ್ಲಿಗೆ ಸಿಗದಷ್ಟು ಗಟ್ಟಿಯಾಯಿತು. ತಪ್ಪಿರುವುದು ಎಲ್ಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಎರಡೂ ತೊಂದರೆಗಳಿಗೆ ಕಾರಣ ಒಂದೇ. ಹಿಟ್ಟನ್ನು ಕಲಸಿದ ದಿನವೇ ಲಟ್ಟಿಸಿದ್ದೀರಿ. ಹೋಳಿಗೆಯ ಕಣಕವನ್ನು ನೆನೆಯಲು ಬಿಡದೆ ತಟ್ಟಿದರೆ ಏನಾಗುತ್ತದೆಂದು ನಿಮಗೆ ಗೊತ್ತಿದೆ; ಈ ಹಿಟ್ಟಂತೂ ಇನ್ನೂ ಹೆಚ್ಚು ಹೊತ್ತು ಕೇಳುತ್ತದೆ. ಸ್ವೀಡನ್ನಿನ ಮನೆಗಳಲ್ಲಿ ಇಂದು ರಾತ್ರಿ ಕಲಸಿ, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು, ನಾಳೆ ಲಟ್ಟಿಸುವುದೇ ರೂಢಿ.

ಅಳತೆ ಹೀಗಿರಲಿ: ಸಕ್ಕರೆ 125 ಗ್ರಾಂ, ಸಕ್ಕರೆಪಾಕ 70 ಗ್ರಾಂ, ನೀರು 75 ಮಿಲಿ ಲೀಟರ್, ಬೆಣ್ಣೆ 100 ಗ್ರಾಂ, ಮೈದಾ 300 ಗ್ರಾಂ. ಚಕ್ಕೆಪುಡಿ ಮತ್ತು ಒಣಶುಂಠಿಪುಡಿ ತಲಾ ಒಂದೂವರೆ ಚಹಾಚಮಚ, ಲವಂಗದ ಪುಡಿ ಒಂದು ಚಮಚ, ಏಲಕ್ಕಿಪುಡಿ ಅರ್ಧ ಚಮಚ, ಅಡುಗೆ ಸೋಡಾ ಒಂದು ಚಮಚ. ಮೊಟ್ಟೆ ಬೇಕಾಗಿಲ್ಲ. ಸಕ್ಕರೆ, ಪಾಕ, ನೀರನ್ನು ಒಟ್ಟಿಗೆ ಬಿಸಿಮಾಡಿ, ಸಕ್ಕರೆ ಕರಗಿದ ಕೂಡಲೇ ಬೆಣ್ಣೆಯ ಮೇಲೆ ಸುರಿದು ಕದಡಿ, ಪೂರ್ತಿ ತಣಿದ ಬಳಿಕ ಮಸಾಲೆಪುಡಿಗಳನ್ನೂ ಸೋಡಾ ಬೆರೆಸಿದ ಮೈದಾವನ್ನೂ ಹಾಕಿ ಕಲಸಬೇಕು. ಆಗ ಅದು ಮಿದುವಾಗಿ, ಅಂಟಂಟಾಗಿ, ಲಟ್ಟಿಸಲು ಬಾರದಂತೆ ಕಾಣುತ್ತದೆ. ಕೈ ಮೈದಾ ಡಬ್ಬಿಯತ್ತ ಹೋಗುವುದು ಈ ಗಳಿಗೆಯಲ್ಲಿಯೇ, ದಯವಿಟ್ಟು ತಡೆದುಕೊಳ್ಳಿ. ರಾತ್ರಿಯಿಡೀ ಮೈದಾ ನೀರನ್ನು ಹೀರಿಕೊಳ್ಳುತ್ತದೆ, ಬೆಣ್ಣೆ ಹೆಪ್ಪುಗಟ್ಟುತ್ತದೆ, ಮಸಾಲೆಯ ಘಾಟು ಹದಕ್ಕೆ ಬರುತ್ತದೆ. ಬೆಳಿಗ್ಗೆ ಅದೇ ಹಿಟ್ಟು ಬೆರಳಿಗೆ ಅಂಟದ ಗಟ್ಟಿ ಮುದ್ದೆಯಾಗಿರುತ್ತದೆ.

ಲಟ್ಟಿಸುವಾಗ ಒಂದು ಹಿಡಿಯಷ್ಟನ್ನು ಮಾತ್ರ ಹೊರಗೆ ತೆಗೆಯಿರಿ, ಉಳಿದದ್ದು ಫ್ರಿಜ್ಜಿನಲ್ಲಿಯೇ ಇರಲಿ. ಬೇಕಿಂಗ್ ಕಾಗದದ ಮೇಲೆಯೇ ಲಟ್ಟಿಸಿ, ಅಚ್ಚು ಒತ್ತಿ, ಸುತ್ತಲಿನ ಹಿಟ್ಟನ್ನು ಎಳೆದು ತೆಗೆದರೆ ಹೂವು ಹೂವಾಗಿಯೇ ಉಳಿಯುತ್ತದೆ. ದಪ್ಪ ಎರಡು ಮಿಲಿಮೀಟರ್, ಹೆಚ್ಚೆಂದರೆ ಮೂರು. ನನ್ನ ಮಟ್ಟಿಗೆ ಈ ಬಿಸ್ಕತ್ತಿನ ಮರ್ಯಾದೆ ಇರುವುದು ಮಸಾಲೆಗಿಂತ ಹೆಚ್ಚಾಗಿ ಈ ತೆಳುವಿನಲ್ಲಿ. 175 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಐದರಿಂದ ಏಳು ನಿಮಿಷ ಸಾಕು. ಹಿಟ್ಟೇ ಕಂದು ಬಣ್ಣದ್ದಾದ್ದರಿಂದ ಬಣ್ಣ ನೋಡಿ ಹದ ತಿಳಿಯುವುದು ಕಷ್ಟ, ಆದ್ದರಿಂದ ಓವನ್ನಿನ ಮುಂದೆಯೇ ನಿಲ್ಲಿ. ಮೊದಲು ನಡುಭಾಗ ಉಬ್ಬುತ್ತದೆ, ಬಳಿಕ ನಿಧಾನವಾಗಿ ಕುಗ್ಗುತ್ತದೆ, ಅಂಚು ಮಾತ್ರ ಒಂದು ಎಳೆ ಗಾಢವಾಗುತ್ತದೆ. ತಟ್ಟೆಯನ್ನು ಆಗ ಹೊರತೆಗೆಯಬೇಕು. ಮುಟ್ಟಿದರೆ ಇನ್ನೂ ಮೆತ್ತಗಿರುತ್ತದೆ, ಗಾಬರಿ ಬೇಡ. ತಣಿಯುತ್ತ ತಣಿಯುತ್ತ ಅದು ಗರಿಗರಿಯಾಗುತ್ತದೆ.

ಪ್ರಶ್ನೆ: ಅಲ್ಲಿನ ಸಕ್ಕರೆಪಾಕ ನಮ್ಮಲ್ಲಿ ಸಿಗುವುದಿಲ್ಲ. ಜೋನಿಬೆಲ್ಲ ಹಾಕಬಹುದೆ?
– ಓದುಗರೊಬ್ಬರು, ಶಿರಸಿ

ಉತ್ತರ: ಧಾರಾಳವಾಗಿ ಹಾಕಬಹುದು. ಸ್ವೀಡನ್ನಿನವರು ಸಕ್ಕರೆ ತೆಗೆಯುವುದು ಕಬ್ಬಿನಿಂದಲ್ಲ, ಚಳಿನಾಡಿನಲ್ಲಿ ಬೆಳೆಯುವ ಸಕ್ಕರೆಗೆಡ್ಡೆಯಿಂದ. ಅವರ ಪಾಕದಲ್ಲಿ ತಿಳಿಯಾದದ್ದು, ಕಪ್ಪಾದದ್ದು ಎಂದು ಎರಡು ಬಗೆಗಳಿವೆ. ಜೋನಿಬೆಲ್ಲದ ರುಚಿ ಕಪ್ಪು ಪಾಕಕ್ಕೆ ಹತ್ತಿರ. ಅದನ್ನು ಸೋಸಿ ಬಳಸಿ, ತೆಳುವಾಗಿದ್ದರೆ ನೀರನ್ನು 60 ಮಿಲಿ ಲೀಟರಿಗೆ ಇಳಿಸಿ. ಬೆಲ್ಲದ ಪರಿಮಳ ಲವಂಗವನ್ನು ಮುಚ್ಚಿಹಾಕದಂತೆ ಹೇಳಿದ 70 ಗ್ರಾಂಗಿಂತ ಹೆಚ್ಚು ಹಾಕಬೇಡಿ.

ಪ್ರಶ್ನೆ: ಡೆನ್ಮಾರ್ಕಿನ ಗೆಳತಿ ಕೊಟ್ಟ ಬ್ರೂನ್‌ಕೇರ್ ಎಂಬ ಮಸಾಲೆ ಬಿಸ್ಕತ್ತಿನ ಪಾಕವಿಧಾನದಲ್ಲಿ ಸೋಡಾ ಬದಲು ಪೊಟ್ಯಾಶ್ ಎಂದಿದೆ. ಇದು ಗೊಬ್ಬರದ ಪೊಟ್ಯಾಶೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಅಲ್ಲ. ಗೊಬ್ಬರದ ಪೊಟ್ಯಾಶನ್ನು ಅಡುಗೆಮನೆಯ ಹತ್ತಿರಕ್ಕೂ ತರಬೇಡಿ. ಇಲ್ಲಿ ಹೇಳಿರುವುದು ಆಹಾರಕ್ಕೆಂದೇ ತಯಾರಿಸಿದ ಪೊಟ್ಯಾಸಿಯಂ ಕಾರ್ಬೊನೇಟ್. ಹಿಂದೆ ಅದನ್ನು ಕಟ್ಟಿಗೆಯ ಬೂದಿಯಿಂದ ತೆಗೆಯುತ್ತಿದ್ದರು. ಅದು ಹಿಟ್ಟನ್ನು ಮೇಲಕ್ಕೆ ಉಬ್ಬಿಸುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಹರಡಿಸುತ್ತದೆ. ಬಾದಾಮಿ ತುಂಬಿದ ಹಿಟ್ಟನ್ನು ಉರುಳೆ ಮಾಡಿ, ತಣಿಸಿ, ಚಾಕುವಿನಿಂದ ತೆಳ್ಳಗೆ ಹೋಳು ಮಾಡುವ ಬ್ರೂನ್‌ಕೇರ್‌ಗೆ ಆ ಗುಣವೇ ಒಪ್ಪುತ್ತದೆ. ಸಿಗದಿದ್ದರೆ ಅಡುಗೆ ಸೋಡಾ ಬಳಸಿ. ಕಚ್ಚಿದಾಗಿನ ಗರಿ ಸ್ವಲ್ಪ ಬೇರೆಯಾದೀತು, ಮಸಾಲೆಯ ರುಚಿಗೆ ಕುಂದಿಲ್ಲ.

ಪ್ರಶ್ನೆ: ಹೆಸರಿನಲ್ಲಿ ಪೆಪ್ಪರ್ ಇದ್ದರೂ ಕಾಳುಮೆಣಸು ಏಕಿಲ್ಲ? ಕರಾವಳಿಯ ತೇವದಲ್ಲಿ ಇವನ್ನು ಕೆಡದಂತೆ ಇಡುವುದು ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ಹಿಂದಿನ ಯುರೋಪಿನಲ್ಲಿ ಮೆಣಸು ಎಂಬ ಮಾತು ದೂರದಿಂದ ಬಂದ ಮಸಾಲೆಗಳಿಗೆಲ್ಲ ಸಲ್ಲುತ್ತಿತ್ತು. ಹೆಸರು ಹಾಗೆಯೇ ಉಳಿಯಿತು. ಬೇಕೆಂದರೆ ಎರಡು ಚಿಟಿಕೆ ಕಾಳುಮೆಣಸಿನ ಪುಡಿ ಹಾಕಿ, ಅದರಿಂದ ಸಂಪ್ರದಾಯಕ್ಕೆ ಭಂಗವಿಲ್ಲ. ಇಡುವುದಕ್ಕೆ ಬಿಗಿ ಮುಚ್ಚಳದ ತಗಡಿನ ಡಬ್ಬಿಯೇ ಒಳ್ಳೆಯದು, ಪೂರ್ತಿ ತಣಿದ ಮೇಲೆಯೇ ತುಂಬಿ. ಮೆತ್ತಗಾದರೆ 150 ಡಿಗ್ರಿಯಲ್ಲಿ ಮೂರು ನಿಮಿಷ ಇಟ್ಟು ತೆಗೆದರೆ ಮತ್ತೆ ಗರಿಗರಿಯಾಗುತ್ತವೆ.

ಪ್ರಶ್ನೆ: ಇದನ್ನು ಅಂಗೈಯಲ್ಲಿಟ್ಟು ಮುರಿಯುವ ಪದ್ಧತಿ ಇದೆಯಂತೆ, ನಿಜವೆ? ಮೊಮ್ಮಗಳು ಕೇಳುತ್ತಿದ್ದಾಳೆ.
– ಓದುಗರೊಬ್ಬರು, ಮೈಸೂರು

ಉತ್ತರ: ನಿಜ. ಸ್ವೀಡನ್ನಿನಲ್ಲಿ ಡಿಸೆಂಬರ್ 13ರ ಲೂಸಿಯಾ ಹಬ್ಬದ ದಿನಗಳಲ್ಲಿ, ಕಾಫಿಯ ಜೊತೆ ತಟ್ಟೆ ಬಂದಾಗ, ಮಕ್ಕಳು ಬಿಸ್ಕತ್ತನ್ನು ಅಂಗೈ ನಡುವೆ ಇಟ್ಟುಕೊಂಡು, ಮನಸ್ಸಿನಲ್ಲಿ ಒಂದು ಬಯಕೆ ನೆನೆದು, ಇನ್ನೊಂದು ಕೈಯ ಬೆರಳಗಂಟಿನಿಂದ ನಡುವಿಗೆ ಒತ್ತುತ್ತಾರೆ. ಸರಿಯಾಗಿ ಮೂರು ಚೂರಾದರೆ ಬಯಕೆ ಈಡೇರುತ್ತದೆಂಬ ನಂಬಿಕೆ. ನಾರ್ವೆಯ ಬರ್ಗೆನ್ ಪಟ್ಟಣದಲ್ಲಿ 1991ರಿಂದ ಮಕ್ಕಳೂ ದೊಡ್ಡವರೂ ಇದೇ ಬಗೆಯ ಹಿಟ್ಟಿನಿಂದ ಮನೆಗಳನ್ನು ಮಾಡಿ ಪುಟ್ಟ ಊರನ್ನೇ ಕಟ್ಟುತ್ತಾರೆ. ಗೋಡೆ ನಿಲ್ಲಬೇಕಾದ್ದರಿಂದ ಅದಕ್ಕೆ ದಪ್ಪ ಹಲಗೆಯೇ ಬೇಕು. ಮೊಮ್ಮಗಳಿಗೆ ಮಾತ್ರ ಎರಡು ಮಿಲಿಮೀಟರಿನದನ್ನೇ ಮಾಡಿಕೊಡಿ. ದಪ್ಪದ್ದು ಪುಟ್ಟ ಬೆರಳಿಗೆ ಮುರಿಯುವುದಿಲ್ಲ, ಮಗು ಬೇಸರಪಟ್ಟುಕೊಂಡೀತು.