ಮ್ಯಾಚ್ ನಡುವೆ ಸತ್ಸಂಗದ ಪಟ್ಟಿ: ಹಾಕಿದವರು ಯಾರು, ದೂರು ಕೊಡಬೇಕಾದ್ದು ಯಾರಿಗೆ?

ಕ್ರಿಕೆಟ್ ಪ್ರಸಾರದ ನಡುವೆ ಬರುವ ಧಾರ್ಮಿಕ ಜಾಹೀರಾತುಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಪ್ರಸಾರ ಮತ್ತು ಜಾಹೀರಾತು ನಿಯಮಗಳನ್ನು ಬಲ್ಲ ತಜ್ಞರ ಉತ್ತರ.

ಪ್ರಶ್ನೆ: ಐಪಿಎಲ್ ಮ್ಯಾಚ್ ನಡೆದಾಗ ಟಿವಿ ಕೆಳಗ ಒಂದು ಪಟ್ಟಿ ಓಡ್ತದ್ರೀ. ಒಂದ್ಸಲ ಸತ್ಸಂಗಕ್ಕ ಬರ್ರಿ ಅಂತ, ಇನ್ನೊಂದ್ಸಲ ಈ ಕವಚ ಕಟ್ಟಿಕೊಂಡ್ರ ಸಾಲ ತೀರ್ತದ ಅಂತ. ಕಡೀ ಓವರ್‌ನಾಗ ಎಷ್ಟು ರನ್ ಬೇಕು ಅನ್ನೋದ ಮುಚ್ಚಿ ಹೋಗ್ತದ. ಕೇಬಲ್‌ನವ್ರನ್ನ ಕೇಳಿದ್ರ ‘ಚಾನೆಲ್‌ನವ್ರು ಹಾಕ್ಯಾರ’ ಅಂತಾರ. ಹಿಂಗ ಹಾಕಾಕ ಅವಕಾಶ ಐತೇನ್ರಿ?
— ಸಿಂಧನೂರಿನಿಂದ

ಉತ್ತರ: ಅವಕಾಶ ಇಲ್ಲ. ಆದರೆ ದೂರು ಬರೆಯುವ ಮೊದಲು ಆ ಪಟ್ಟಿ ಎಲ್ಲಿ ಸೇರಿಕೊಂಡಿತು ಎಂಬುದನ್ನು ಪತ್ತೆ ಮಾಡಿ. ಇಲ್ಲದಿದ್ದರೆ ಚಾನೆಲ್‌ನವರು ಕೇಬಲ್‌ನವರತ್ತ, ಕೇಬಲ್‌ನವರು ಚಾನೆಲ್‌ನವರತ್ತ ಕೈ ತೋರಿಸುತ್ತಾರೆ, ಟೂರ್ನಿಯೇ ಮುಗಿದುಹೋಗುತ್ತದೆ.

ಪಟ್ಟಿ ಓಡುತ್ತಿರುವಾಗಲೇ ರಿಮೋಟ್ ಎತ್ತಿಕೊಂಡು ಒಂದು ಸುದ್ದಿ ಚಾನೆಲ್‌ಗೆ, ಅಲ್ಲಿಂದ ಒಂದು ಸಿನಿಮಾ ಚಾನೆಲ್‌ಗೆ ಹೋಗಿ. ಅಲ್ಲೂ ಅದೇ ಜಾಗದಲ್ಲಿ ಅದೇ ಪಟ್ಟಿ ಇದ್ದರೆ ಅದು ಕೇಬಲ್ ಜಾಲದವರದೇ, ಬೇರೆ ಸಾಕ್ಷಿ ಬೇಡ. ಮ್ಯಾಚ್ ಚಾನೆಲ್‌ನಲ್ಲಿ ಮಾತ್ರ ಕಂಡರೆ, ಡಿಶ್ ಹಾಕಿಸಿಕೊಂಡಿರುವ ಪಕ್ಕದ ಮನೆಯ ಟಿವಿಯೊಂದಿಗೆ ಹೋಲಿಸಿ. ಅಲ್ಲೂ ಪಟ್ಟಿ ಇದ್ದರೆ ಅದು ಚಾನೆಲ್‌ನವರದು, ಇಲ್ಲದಿದ್ದರೆ ಕೇಬಲ್‌ನವರದು. ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಭಾಗದಲ್ಲಿ ಒಬ್ಬರು ಕನ್ನಡ ಕಾಮೆಂಟರಿ ಹಾಕಿದರೆ ಪಕ್ಕದವರು ತೆಲುಗು ಹಾಕಿರುತ್ತಾರೆ. ಭಾಷೆ ಬದಲಾದರೆ ಜಾಹೀರಾತೂ ಬದಲಾಗಬಹುದು, ಎಚ್‌ಡಿ ಮತ್ತು ಎಸ್‌ಡಿ ಪ್ರಸಾರಕ್ಕೂ ಜಾಹೀರಾತು ಬೇರೆ ಬೇರೆ ಇರಬಹುದು. ಹಾಗಾಗಿ ಅದೇ ಭಾಷೆ, ಅದೇ ಎಚ್‌ಡಿ ಅಥವಾ ಎಸ್‌ಡಿ ಚಾನೆಲ್‌ನಲ್ಲೇ ನೋಡಿ. ಮೊಬೈಲ್ ಆ್ಯಪ್ ಟಿವಿಗಿಂತ ತಡವಾಗಿ ಓಡುವುದೇ ಹೆಚ್ಚು. ಗಡಿಯಾರ ನಂಬದೆ, ‘17ನೇ ಓವರ್, 3ನೇ ಎಸೆತ’ ಎಂದು ಗುರುತಿಟ್ಟುಕೊಂಡು ಹೋಲಿಸಿ.

ಪಟ್ಟಿಯ ಆಕಾರವೂ ಸುಳಿವು ಕೊಡುತ್ತದೆ. ಚಾನೆಲ್‌ನವರು ಹಾಕುವಾಗ ಸಾಮಾನ್ಯವಾಗಿ ಇಡೀ ಚಿತ್ರವನ್ನೇ ಕುಗ್ಗಿಸಿ, ಎಡಕ್ಕೂ ಕೆಳಕ್ಕೂ ಜಾಗ ಮಾಡಿಕೊಂಡು ಅಲ್ಲಿ ಜಾಹೀರಾತು ಕೂರಿಸುತ್ತಾರೆ. ಸ್ಕೋರು ಚಿತ್ರದ ಜೊತೆಗೇ ಸರಿದು ಮೇಲೆ ಬರುತ್ತದೆ. ಕೇಬಲ್ ಕಂಟ್ರೋಲ್ ರೂಮಿನ ಯಂತ್ರಕ್ಕೆ ಸ್ಕೋರು ಎಲ್ಲಿದೆ ಎಂಬುದರ ಪರಿವೆಯೇ ಇಲ್ಲ. ಬರುವ ಚಿತ್ರದ ಮೇಲೆ ಅಕ್ಷರದ ಪಟ್ಟಿ ಅಂಟಿಸುವುದಷ್ಟೇ ಅದರ ಕೆಲಸ. ಸ್ಕೋರು ಮುಚ್ಚಿದೆ ಎಂದು ನೀವು ಬರೆದಿದ್ದೀರಿ, ಆದ್ದರಿಂದ ನಿಮ್ಮ ಕೇಬಲ್‌ನವರ ಮಾತಿನ ಮೇಲೆ ನಮಗೆ ಅನುಮಾನ. ಉಪಗ್ರಹ ಚಾನೆಲ್‌ನ ಪ್ರಸಾರವನ್ನು ಬಂದಂತೆಯೇ ಮನೆಗೆ ಮುಟ್ಟಿಸಬೇಕು, ಅದರ ಮೇಲೆ ತಮ್ಮದೇನನ್ನೂ ಹಾಕುವಂತಿಲ್ಲ. ಅಂದರೆ ಪಟ್ಟಿಯಲ್ಲಿ ಸತ್ಸಂಗವಲ್ಲ, ಸೀರೆ ಅಂಗಡಿ ಇದ್ದರೂ ತಪ್ಪೇ.

ಇನ್ನು ಧರ್ಮದ ವಿಷಯ. 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ 7ನೇ ನಿಯಮವೇ ಜಾಹೀರಾತು ಸಂಹಿತೆ. ಪೂರ್ಣವಾಗಿಯೋ ಮುಖ್ಯವಾಗಿಯೋ ಧಾರ್ಮಿಕ ಅಥವಾ ರಾಜಕೀಯ ಉದ್ದೇಶದ ಜಾಹೀರಾತು ಕೂಡದು ಎನ್ನುತ್ತದೆ ಅದರ 3ನೇ ಉಪನಿಯಮ. ರಾಜಕೀಯದ ಬಾಗಿಲನ್ನು 2004ರಲ್ಲಿ ಸುಪ್ರೀಂ ಕೋರ್ಟ್ ಪೂರ್ವಾನುಮತಿಯ ಷರತ್ತಿನೊಂದಿಗೆ ಅರ್ಧ ತೆರೆಯಿತು. ಧರ್ಮದ ಬಾಗಿಲು ಹಾಗೇ ಮುಚ್ಚಿದೆ. ತಕರಾರೆಲ್ಲ ಹುಟ್ಟುವುದು ‘ಮುಖ್ಯವಾಗಿ’ ಎಂಬಲ್ಲಿ. ಊದುಬತ್ತಿಯ ಜಾಹೀರಾತಿನಲ್ಲಿ ದೇವರ ಮನೆ ಇದ್ದರೂ ಮಾರುವುದು ಊದುಬತ್ತಿ. ಹುಲಿಗಿ ಜಾತ್ರೆಗೆ ವಿಶೇಷ ಬಸ್ ಎಂದು ಸಾರಿಗೆ ನಿಗಮ ಹೇಳಿದರೆ ಅದು ಬಸ್ಸಿನ ಮಾತು. ‘ಸತ್ಸಂಗಕ್ಕೆ ಬನ್ನಿ, ದೀಕ್ಷೆ ಪಡೆಯಿರಿ’ ಎಂಬುದಕ್ಕೆ ಬೇರೆ ಉದ್ದೇಶ ಹುಡುಕಲಾಗದು. ಯಾವ ಧರ್ಮದ್ದೇ ಆಗಲಿ, ಅಳತೆಗೋಲು ಒಂದೇ.

ಕವಚದ್ದು ಇನ್ನೂ ಗಟ್ಟಿ ಪ್ರಕರಣ. ರುಜುವಾತು ಮಾಡಲಾಗದ ಪವಾಡದ ಗುಣ ಇದೆ ಎಂದು ಜನ ನಂಬುವಂತೆ ಹೇಳುವುದನ್ನು ಅದೇ ನಿಯಮದ 5ನೇ ಉಪನಿಯಮ ತಡೆಯುತ್ತದೆ. ‘ಸಾಲ ತೀರ್ತದ’ ಎಂಬಲ್ಲಿ ‘ಸಕ್ಕರೆ ಕಾಯಿಲೆ ವಾಸಿಯಾಗ್ತದ’ ಎಂದಿದ್ದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೂ ಅನ್ವಯವಾಗುತ್ತದೆ. ಆ ಕಾಯ್ದೆಯಲ್ಲಿ ತಾಯಿತ, ಮಂತ್ರ, ಕವಚ ಎಂದು ಹೆಸರಿಟ್ಟೇ ಹೇಳಿದ್ದಾರೆ. ಮೊದಲ ಸಲ ತಪ್ಪು ಸಾಬೀತಾದರೆ 6 ತಿಂಗಳವರೆಗೆ ಸಜೆ, ದಂಡ, ಅಥವಾ ಎರಡೂ.

ದೂರು ಚಿಕ್ಕದಾಗಿರಲಿ, ಸಿಟ್ಟು ಬೇಡ. ಹೀಗೆ ಬರೆಯಬಹುದು: ‘ಇಂಥ ದಿನಾಂಕ ರಾತ್ರಿ 10.42ರಿಂದ 10.47ರವರೆಗೆ, ಇಂಥ ಸಂಖ್ಯೆಯ ಕ್ರೀಡಾ ಚಾನೆಲ್‌ನಲ್ಲಿ, ಎರಡನೇ ಇನಿಂಗ್ಸಿನ 17ನೇ ಓವರ್ ವೇಳೆ ಕೆಳಭಾಗದಲ್ಲಿ ಈ ಮುಂದಿನ ಬರಹದ ಪಟ್ಟಿ ಓಡಿತು. ಅದೇ ಹೊತ್ತಿನಲ್ಲಿ ಇಂಥ ಸುದ್ದಿ ಚಾನೆಲ್‌ನಲ್ಲೂ ಇತ್ತು. ಡಿಶ್ ಪ್ರಸಾರದಲ್ಲಿ ಇರಲಿಲ್ಲ. ವಿಡಿಯೊ ಲಗತ್ತಿಸಿದೆ. ಸೆಟ್‌ಟಾಪ್ ಬಾಕ್ಸ್ ಸಂಖ್ಯೆ ಇದು.’ ಪಟ್ಟಿಯ ಬರಹವನ್ನು ಇದ್ದಂತೆಯೇ ನಕಲು ಮಾಡಿ, ಸಾರಾಂಶ ಬೇಡ. ವಿಡಿಯೊ 30 ಸೆಕೆಂಡಿನದು ಸಾಕು, ಆದರೆ ಸ್ಕೋರು, ಚಾನೆಲ್ ಗುರುತು, ಪಟ್ಟಿ ಮೂರೂ ಒಂದೇ ಚೌಕಟ್ಟಿನಲ್ಲಿರಲಿ. ಪಟ್ಟಿಯನ್ನಷ್ಟೇ ಹತ್ತಿರದಿಂದ ಹಿಡಿದ ಫೋಟೊ ಯಾವ ಚಾನೆಲ್ಲಿನದು, ಯಾವ ದಿನದ್ದು ಎಂದು ಹೇಳುವುದಿಲ್ಲ.

ತಪ್ಪು ಕೇಬಲ್‌ನವರದಾದರೆ ಮೊದಲು ಜಾಲದ ಕಂಪನಿಯ ಗ್ರಾಹಕ ಕೇಂದ್ರಕ್ಕೆ ಹೇಳಿ ದೂರಿನ ಸಂಖ್ಯೆ ಪಡೆಯಿರಿ. ಬಗೆಹರಿಯದಿದ್ದರೆ ಅವರ ನೋಡಲ್ ಅಧಿಕಾರಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ 1995ರ ಕೇಬಲ್ ಕಾಯ್ದೆಯಡಿ ಅಧಿಕಾರವುಳ್ಳ ಜಿಲ್ಲಾಧಿಕಾರಿಗೆ, ಇಲ್ಲವೇ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಸಿಂಧನೂರಿನವರಿಗೆ ಅದು ಲಿಂಗಸುಗೂರು ಉಪವಿಭಾಗ. ತಪ್ಪು ಚಾನೆಲ್‌ನದಾದರೆ ದಾರಿ ಬೇರೆ. ಕೇಬಲ್ ನಿಯಮಗಳ 2021ರ ತಿದ್ದುಪಡಿಯಂತೆ ಚಾನೆಲ್‌ಗೆ ಬರೆದ ದೂರಿಗೆ ಅವರು 15 ದಿನದಲ್ಲಿ ಉತ್ತರ ಕೊಡಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿ, ಅಂದರೆ ಆಸ್ಕಿಗೂ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.

ಪ್ರಶ್ನೆ: ಅಮೆರಿಕದ ಫುಟ್‌ಬಾಲ್ ಲೀಗ್‌ನ ಸೂಪರ್ ಬೌಲ್ ಫೈನಲ್‌ನಲ್ಲಿ ಯೇಸುವಿನ ಬಗ್ಗೆ ಕೋಟಿಗಟ್ಟಲೆ ಸುರಿದು ಜಾಹೀರಾತು ಕೊಡುತ್ತಾರಂತೆ. ಅಲ್ಲಿನ ಅಭಿಮಾನಿಗಳು ಒಪ್ಪಿಕೊಂಡರೇ? ನಮ್ಮಲ್ಲೇಕೆ ಬರುವುದಿಲ್ಲ?
— ಗಂಗಾವತಿಯಿಂದ

ಉತ್ತರ: ನಮ್ಮಲ್ಲಿ ಟಿವಿಗೆ ಬರದಿರುವುದು ಮೇಲೆ ಹೇಳಿದ 3ನೇ ಉಪನಿಯಮದಿಂದ. ಅಮೆರಿಕದಲ್ಲಿ ಅಂಥ ನಿಷೇಧವಿಲ್ಲ, ತೆಗೆದುಕೊಳ್ಳುವುದೂ ಬಿಡುವುದೂ ಆಯಾ ಚಾನೆಲ್ಲಿನ ಇಷ್ಟ. 2004ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಪಂಥ, ಚರ್ಚಿನ ಬಾಗಿಲಲ್ಲಿ ಕಾವಲುಗಾರರು ಕೆಲವರನ್ನು ಮಾತ್ರ ಒಳಗೆ ಬಿಡುವ ಚಿತ್ರ ಮಾಡಿ, ನಮ್ಮಲ್ಲಿ ಹಾಗಿಲ್ಲ ಎಂದು ಹೇಳಹೊರಟಿತು. ಸಿಬಿಎಸ್, ಎನ್‌ಬಿಸಿ ಎರಡೂ ಅದನ್ನು ಹಾಕಲೊಲ್ಲೆವು ಎಂದವು. ಅದೇ ಸಿಬಿಎಸ್ 2024ರ ಸೂಪರ್ ಬೌಲ್‌ನಲ್ಲಿ ಯೇಸುವಿನ ಜಾಹೀರಾತು ತೋರಿಸಿತು. ಕಾನೂನು ಬದಲಾಗಿರಲಿಲ್ಲ.

ನೀವು ಕೇಳಿದ್ದು ‘ಹೀ ಗೆಟ್ಸ್ ಅಸ್’ ಎಂಬ ಪ್ರಚಾರ. 2023ರ ಫೆಬ್ರುವರಿ 12ರ ಫೈನಲ್‌ನಲ್ಲಿ ಅದರ ಎರಡು ಜಾಹೀರಾತು ಬಂದವು. ಆ ವರ್ಷ 30 ಸೆಕೆಂಡಿನ ಬೆಲೆ ಸುಮಾರು 70 ಲಕ್ಷ ಡಾಲರ್ ಮುಟ್ಟಿತ್ತು, ಎರಡಕ್ಕೂ ಸೇರಿ ಸುಮಾರು 2 ಕೋಟಿ ಡಾಲರ್ ಎಂದು ವರದಿಯಾಯಿತು. ಒಂದರಲ್ಲಿ ಮಕ್ಕಳು ಒಬ್ಬರಿಗೊಬ್ಬರು ನೆರವಾಗುವ ದೃಶ್ಯ, ಇನ್ನೊಂದರಲ್ಲಿ ಜನ ಮುಖಕ್ಕೆ ಮುಖ ಕೊಟ್ಟು ಜಗಳಾಡುವ ಕಪ್ಪು ಬಿಳುಪು ಫೋಟೊಗಳು. ಮರುವರ್ಷ ಪಾದ ತೊಳೆಯುವ ಚಿತ್ರಗಳು ಬಂದವು: ಪೊಲೀಸನೊಬ್ಬ ಕಪ್ಪು ವರ್ಣದ ಯುವಕನ ಪಾದ ತೊಳೆಯುತ್ತಾನೆ, ಕುಟುಂಬ ಯೋಜನೆ ಕ್ಲಿನಿಕ್ಕಿನ ಹೊರಗೆ ಒಬ್ಬಳು ಇನ್ನೊಬ್ಬಳ ಪಾದ ತೊಳೆಯುತ್ತಾಳೆ. ನಮ್ಮಲ್ಲಿ ಶಿಷ್ಯರು ಗುರುವಿನ ಪಾದ ತೊಳೆಯುತ್ತಾರೆ. ಬೈಬಲಿನಲ್ಲಿ ಯೇಸುವೇ ಶಿಷ್ಯರ ಪಾದ ತೊಳೆಯುವ ಪ್ರಸಂಗವಿದೆ, ಚಿತ್ರಗಳ ಬೇರು ಅಲ್ಲಿದೆ.

ಟೀಕೆ ಎರಡೂ ಕಡೆಯಿಂದ ಬಂತು, ಆದರೆ ಕಾರಣ ಬೇರೆ ಬೇರೆ. ಉದಾರವಾದಿಗಳು ಹಣದ ಮೂಲ ಕೆದಕಿದರು. ಪ್ರಚಾರ ನಡೆಸಿದ ಪ್ರತಿಷ್ಠಾನದ ಮೂಲಕ ಗರ್ಭಪಾತ ವಿರೋಧಿ ಸಂಘಟನೆಗಳಿಗೂ ಹಣ ಹೋಗಿತ್ತು. ದಾನಿಗಳಲ್ಲಿ ಹಾಬಿ ಲಾಬಿ ಎಂಬ ಮಳಿಗೆ ಸರಣಿಯ ಸಂಸ್ಥಾಪಕ ಡೇವಿಡ್ ಗ್ರೀನ್ ತಾವೂ ಒಬ್ಬರೆಂದು ಬಹಿರಂಗವಾಗಿಯೇ ಹೇಳಿದ್ದರು. ಪ್ರೀತಿಯ ಮಾತಿನ ಹಿಂದೆ ಇಂಥ ದುಡ್ಡೇ ಎಂಬುದು ಉದಾರವಾದಿಗಳ ಆಕ್ಷೇಪ. ಸಂಪ್ರದಾಯವಾದಿಗಳ ಸಿಟ್ಟು ಇದಕ್ಕೆ ತದ್ವಿರುದ್ಧ: ಪಾಪ, ಪಶ್ಚಾತ್ತಾಪದ ಸುದ್ದಿಯೇ ಇಲ್ಲದ ಸಪ್ಪೆ ಯೇಸು ಇದು ಎಂದರು. ಇಷ್ಟು ದುಡ್ಡಿನಲ್ಲಿ ಹಸಿದವರಿಗೆ ಊಟ ಹಾಕಬಹುದಿತ್ತಲ್ಲ ಎಂಬ ಮಾತು ಎರಡೂ ಬಣಗಳಲ್ಲಿ ಕೇಳಿಬಂತು. ಹೊಗಳಿದವರೂ ಇದ್ದರು, 2025ರಲ್ಲೂ ಜಾಹೀರಾತು ಬಂತು. ಗಮನಿಸಿ, ಜಗಳ ಯೇಸುವಿನ ಬಗ್ಗೆಯಷ್ಟೇ ಅಲ್ಲ, ದುಡ್ಡು ಯಾರದು, ಒಳಗಿನ ಉದ್ದೇಶ ಏನು ಎಂಬುದರ ಬಗ್ಗೆಯೂ. ನಮ್ಮ ನಿಯಮ ಈ ಪ್ರಶ್ನೆ ಏಳದಂತೆ ಬಾಗಿಲಲ್ಲೇ ತಡೆಯುತ್ತದೆ. ಕ್ರೀಡಾ ಪ್ರಸಾರದ ಮಟ್ಟಿಗೆ ಅದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಭಕ್ತಿ ಚಾನೆಲ್ ಬೇಕೆಂದವರು ಅದನ್ನೇ ಹಾಕಿಕೊಳ್ಳುತ್ತಾರೆ, ಮ್ಯಾಚ್ ನೋಡಲು ಕೂತವರಿಗೆ ಆ ಆಯ್ಕೆ ಇರುವುದಿಲ್ಲ.

ಪ್ರಶ್ನೆ: ಶತಕ ಹೊಡೆದು ಆಕಾಶ ನೋಡಿ ಕೈಮುಗಿಯುವುದು, ನೆಲಕ್ಕೆ ಹಣೆ ಹಚ್ಚುವುದು ಜಾಹೀರಾತಲ್ಲವೇ?
— ಕೊಪ್ಪಳದಿಂದ

ಉತ್ತರ: ಅಲ್ಲ. ಪ್ರಾರ್ಥನೆಗೆ ತಡೆಯಿಲ್ಲ, ತಡೆ ಇರುವುದು ಬಟ್ಟೆ, ಬ್ಯಾಟು, ಕೈಗವಸಿನ ಮೇಲಿನ ಸಂದೇಶಕ್ಕೆ. ರಾಜಕೀಯ, ಧಾರ್ಮಿಕ, ಜನಾಂಗೀಯ ಸಂದೇಶಗಳಿಗೆ ಐಸಿಸಿ ಒಪ್ಪುವುದಿಲ್ಲ. 2019ರ ವಿಶ್ವಕಪ್‌ನಲ್ಲಿ ಧೋನಿಯ ಗ್ಲೌಸ್ ಮೇಲಿನ ಸೇನಾ ಲಾಂಛನ ತೆಗೆಸಿದ್ದು, 2023ರಲ್ಲಿ ಉಸ್ಮಾನ್ ಖ್ವಾಜಾಗೆ ಬೂಟಿನ ಮೇಲಿನ ಬರಹದೊಂದಿಗೆ ಆಡಲು ಬಿಡದಿದ್ದು ಇದೇ ನಿಯಮಗಳಡಿ. ಫುಟ್‌ಬಾಲ್‌ನಲ್ಲೂ ಹೀಗೇ. 2009ರ ಕಾನ್ಫೆಡರೇಷನ್ಸ್ ಕಪ್ ಗೆದ್ದ ಬ್ರೆಜಿಲ್ ಆಟಗಾರರು ಯೇಸುವಿನ ಹೆಸರಿನ ಅಂಗಿ ತೋರಿಸಿದ್ದು ವಿವಾದವಾಗಿತ್ತು.

ಪ್ರಶ್ನೆ: ನಮ್ಮೂರ ಟೆನಿಸ್ ಬಾಲ್ ಟೂರ್ನಿ ಲೋಕಲ್ ಕೇಬಲ್ ಚಾನೆಲ್‌ನಲ್ಲಿ ಲೈವ್ ಬರುತ್ತದೆ. ದೊಡ್ಡ ದಾನಿಯೊಬ್ಬರು ಓವರ್ ನಡುವೆ ಮಠದ ಪ್ರವಚನದ ಜಾಹೀರಾತು ಹಾಕಿ ಅನ್ನುತ್ತಿದ್ದಾರೆ. ಒಲ್ಲೆ ಅಂದರೆ ಬಹುಮಾನದ ದುಡ್ಡಿಗೆ ಕತ್ತರಿ. ಏನು ಮಾಡೋಣ?
— ಸಿರುಗುಪ್ಪದಿಂದ

ಉತ್ತರ: ಲೋಕಲ್ ಚಾನೆಲ್‌ಗೂ ಅದೇ ಜಾಹೀರಾತು ಸಂಹಿತೆ. 2022ರ ಮಾರ್ಗಸೂಚಿಯಂತೆ ಪ್ರಸಾರವಾದದ್ದರ ರೆಕಾರ್ಡಿಂಗನ್ನು 90 ದಿನ ಇಟ್ಟುಕೊಂಡಿರಬೇಕು. ‘ಯಾರು ನೋಡ್ತಾರ ಬಿಡ್ರಿ’ ಎಂಬ ಧೈರ್ಯಕ್ಕೆ ಆ ರೆಕಾರ್ಡಿಂಗೇ ಮುಳುವು.

ದಾನಿಯ ಮನಸ್ಸು ಮುರಿಯದೆ ದಾರಿ ಇದೆ. ‘ಮೊದಲ ಬಹುಮಾನದ ದಾನಿಗಳು’ ಎಂದು ಅವರ ಹೆಸರು, ಅಂಗಡಿ ಅಥವಾ ಗಿರಣಿಯ ಹೆಸರು ಹಾಕಿ, ಅದು ಪ್ರಾಯೋಜಕತ್ವ. ಪ್ರವಚನದ ದಿನಾಂಕ, ‘ಬನ್ನಿ’ ಎಂಬ ಕರೆ, ಕಾಣಿಕೆಯ ಖಾತೆ ಸಂಖ್ಯೆ ಬೇಡ. ಮೈದಾನದಲ್ಲಿ ಕಟ್ಟುವ ಫ್ಲೆಕ್ಸ್ ಸ್ಥಳೀಯ ಸಂಸ್ಥೆಯ ಅನುಮತಿಗೆ ಸಂಬಂಧಿಸಿದ್ದು, ಆದರೆ ಕ್ಯಾಮೆರಾ ಎದುರಿಗೆ ಪ್ರವಚನದ ಫ್ಲೆಕ್ಸ್ ಕಟ್ಟಿದರೆ ಟಿವಿಯಲ್ಲಿ ಇಡೀ ದಿನ ಅದೇ ಕಾಣುತ್ತದೆ. ಅದನ್ನು ಕ್ಯಾಮೆರಾದ ಬೆನ್ನ ಹಿಂದಿನ ಬದಿಗೆ, ಪೆಂಡಾಲ್ ಹತ್ತಿರ ಕಟ್ಟಿಸಿ. ಬಂದ ಜನ ಓದಿಕೊಳ್ಳುತ್ತಾರೆ.

ಜಾಹೀರಾತಿನ ಒಟ್ಟು ಹೊತ್ತು ಗಂಟೆಗೆ 12 ನಿಮಿಷ ಮೀರುವಂತಿಲ್ಲ, ಅದರಲ್ಲಿ 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರಕ್ಕೆ. ಓವರ್ ನಡುವಿನ ಬಿಡುವಿಗೆ 10 ಸೆಕೆಂಡಿನ ತುಣುಕೇ ಸರಿ. 30 ಸೆಕೆಂಡಿನದು ಹಾಕಿದರೆ ಮುಂದಿನ ಓವರಿನ ಮೊದಲ ಎಸೆತ ತಪ್ಪಿಹೋಗುತ್ತದೆ, ಅಷ್ಟು ಸಾಕು ಜನ ಕಂಟ್ರೋಲ್ ರೂಮಿಗೆ ಫೋನ್ ಹಚ್ಚಿ ಬೈಯಲು. ಜಾಹೀರಾತಿನ ಸದ್ದು ಕಾಮೆಂಟರಿಗಿಂತ ಜೋರಾಗಿರಬಾರದು, ಅದೂ ಸಂಹಿತೆಯಲ್ಲೇ ಇದೆ. ಚುನಾವಣೆ ಘೋಷಣೆಯಾಗಿದ್ದರೆ ದಾನಿಯ ಪಕ್ಕದಲ್ಲಿ ಅಭ್ಯರ್ಥಿಯ ಫೋಟೊ ಬರದಂತೆ ನೋಡಿಕೊಳ್ಳಿ. ಬಂದರೆ ರಾಜಕೀಯ ಜಾಹೀರಾತಾಗಿ, ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಅನುಮತಿ ಬೇಕಾಗುತ್ತದೆ.

ಪ್ರಶ್ನೆ: ಫೋನಿನಲ್ಲಿ ಮ್ಯಾಚ್ ನೋಡುವಾಗ ಅನ್ನದಾಸೋಹಕ್ಕೆ ದೇಣಿಗೆ ಕೊಡಿ ಎಂದು ಕ್ಯೂಆರ್ ಕೋಡ್ ಬರುತ್ತದೆ. ಇದಕ್ಕೂ ಜಿಲ್ಲಾಧಿಕಾರಿಯೇ?
— ರಾಯಚೂರಿನಿಂದ

ಉತ್ತರ: ಅಲ್ಲ, ಕೇಬಲ್ ನಿಯಮಗಳು ಆ್ಯಪ್‌ಗೆ ತಾಗುವುದಿಲ್ಲ. ಜಾಹೀರಾತಿನ ಪಕ್ಕದ ಮೂರು ಚುಕ್ಕಿ ಒತ್ತಿ ಅಲ್ಲೇ ದೂರು ದಾಖಲಿಸಿ, ಆಸ್ಕಿಗೂ ಬರೆಯಬಹುದು. ಕೊಡುವ ಮನಸ್ಸಿದ್ದರೆ ಕೋಡ್ ಸ್ಕ್ಯಾನ್ ಮಾಡಿದ ಮೇಲೆ ಪಾವತಿಗೆ ಮುನ್ನ ತೋರುವ ಹೆಸರು ನೋಡಿ. ಅಲ್ಲಿ ಟ್ರಸ್ಟಿನ ಬದಲು ಯಾರೋ ಒಬ್ಬರ ಸ್ವಂತ ಹೆಸರಿದ್ದರೆ ನಿಲ್ಲಿಸಿ. ದುಡ್ಡು ಹೋದ ಮೇಲೆ ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ವಹಿವಾಟಿನ ಸಂಖ್ಯೆ, ಹಣ ಕಡಿತದ ಸಂದೇಶ ಮತ್ತು ಜಾಹೀರಾತಿನ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.